ತುಂಬಿದ ಬೆಲ್ಟ್ ಎತ್ತದ ಮೋಟರ್: ಏರು ಕನ್ವೇಯರ್ ಒಂದರ ಪ್ರಕರಣ ಅಧ್ಯಯನ

ಜಲ್ಲಿ ಕ್ರಷರ್ ಘಟಕವೊಂದರಲ್ಲಿ ಪುಡಿಯಾದ ಕಲ್ಲನ್ನು ನೆಲಮಟ್ಟದಿಂದ 25 ಮೀಟರ್ ಎತ್ತರದ ಬಂಕರ್‌ಗೆ ಒಯ್ಯುವ ಬೆಲ್ಟ್ ಕನ್ವೇಯರ್ ಇದೆ. ಉದ್ದ 120 ಮೀಟರ್, ಬೆಲ್ಟ್‌ನ ವೇಗ ಸೆಕೆಂಡಿಗೆ 1.6 ಮೀಟರ್, ಸಾಗಣೆ ಗಂಟೆಗೆ 300 ಟನ್. ತಲೆಭಾಗದ ಡ್ರಮ್ಮನ್ನು ಗೇರ್‌ಬಾಕ್ಸ್ ಮೂಲಕ ತಿರುಗಿಸುತ್ತಿದ್ದದ್ದು 37 ಕಿಲೋವ್ಯಾಟ್‌ನ, 4 ಪೋಲ್‌ನ ಸಾಮಾನ್ಯ ಇಂಡಕ್ಷನ್ ಮೋಟರ್. ಅದಕ್ಕೊಂದು ಸ್ಟಾರ್-ಡೆಲ್ಟಾ ಸ್ಟಾರ್ಟರ್: ಮೋಟರ್‌ನ ತಾಮ್ರದ ಸುತ್ತುಗಳನ್ನು (ವೈಂಡಿಂಗ್) ಮೊದಲು ಸ್ಟಾರ್ ಆಗಿ ಜೋಡಿಸಿ ಕಡಿಮೆ ವೋಲ್ಟೇಜ್‌ನಲ್ಲಿ ಹೊರಡಿಸಿ, ಆಮೇಲೆ ಡೆಲ್ಟಾಗೆ ಬದಲಿಸಿ ಪೂರ್ಣ ವೋಲ್ಟೇಜ್ ಕೊಡುವ ಸಾಧನ. ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ಮೋಟರ್ ಒಂದು ದಿನ ಸುಟ್ಟಿತು. ರಿವೈಂಡ್ ಮಾಡಿಸಿ ಕೂರಿಸಿದರು, ಮತ್ತೆ ಸುಟ್ಟಿತು. ಅದರ ಜಾಗಕ್ಕೆ 45 ಕಿಲೋವ್ಯಾಟ್‌ನದು ಬಂತು. ಅದು ಸುಡಲಿಲ್ಲ, ಆದರೆ ಹೊರಡುವಾಗಲೇ ಒದ್ದಾಡಿ ಟ್ರಿಪ್ ಆಗುತ್ತಿತ್ತು. ಘಟಕದವರು ನನ್ನನ್ನು ಕರೆಸಿ ಕೇಳಿದ್ದು ಇಷ್ಟೇ: 55 ಕಿಲೋವ್ಯಾಟ್ ಮೋಟರ್‌ಗೆ ಆರ್ಡರ್ ಹಾಕುತ್ತಿದ್ದೇವೆ, ಯಾವ ಕಂಪನಿಯದು ತರಿಸೋಣ?

ಈ ಪ್ರಶ್ನೆ ಎಲ್ಲ ಕಾರ್ಖಾನೆಗಳಲ್ಲೂ ಕೇಳಿಬರುತ್ತದೆ. ಮೋಟರ್ ಸುಟ್ಟರೆ ಮುಂದಿನ ಸೈಜ್ ಹಾಕು ಎನ್ನುವುದು ರೂಢಿಯಾಗಿಬಿಟ್ಟಿದೆ. ನೇಮ್‌ಪ್ಲೇಟ್ ಮೇಲಿನ ಕಿಲೋವ್ಯಾಟ್ ಹೇಳುವುದು ಮೋಟರ್ ಓಡುತ್ತಿರುವಾಗ ಎಷ್ಟು ಹೊರಬಲ್ಲದು ಎಂಬುದನ್ನು. ನಿಂತ ಬೆಲ್ಟನ್ನು ಅಲ್ಲಾಡಿಸಬಲ್ಲದೇ ಎಂಬುದು ಬೇರೆಯೇ ಲೆಕ್ಕ. ಆ ಲೆಕ್ಕದಲ್ಲಿ ಮೋಟರ್‌ನಷ್ಟೇ ಪಾಲು ಸ್ಟಾರ್ಟರ್‌ನದೂ ಕೇಬಲ್‌ನದೂ ಇರುತ್ತದೆ. ಹಾಗಾಗಿ ಕ್ಯಾಟಲಾಗ್ ತೆರೆಯುವ ಮೊದಲು ಎರಡು ವಿಷಯ ತಿಳಿಯಬೇಕಿತ್ತು: ಮೋಟರ್ ಸುಟ್ಟದ್ದು ಹೇಗೆ, ಬೆಲ್ಟ್ ನಿಜವಾಗಿ ಕೇಳುವುದೆಷ್ಟು.

ಸುಟ್ಟ ವೈಂಡಿಂಗ್ ಹೇಳಿದ್ದು

ಬಿಚ್ಚಿ ತೆಗೆದ ಹಳೆಯ ವೈಂಡಿಂಗ್‌ನ ಫೋಟೊಗಳು ರಿವೈಂಡಿಂಗ್ ಅಂಗಡಿಯವರ ಬಳಿ ಇದ್ದವು. ಸುಟ್ಟ ಮೋಟರ್‌ನ ವೈಂಡಿಂಗನ್ನು ನೋಡದೆ ಹೊಸ ಮೋಟರ್ ಆರಿಸುವುದು ಕಣ್ಣು ಮುಚ್ಚಿಕೊಂಡು ಆರಿಸಿದ ಹಾಗೆ. ಒಂದು ಫೇಸ್ ಕಡಿದುಹೋಗಿ ಸುಟ್ಟರೆ, ಡೆಲ್ಟಾದಲ್ಲಿ ಓಡುವ ಮೋಟರ್‌ನಲ್ಲಿ ಒಂದು ಫೇಸ್‌ನ ಕಾಯಿಲ್‌ಗಳು ಮಾತ್ರ ಕಪ್ಪಾಗುತ್ತವೆ. ಸ್ಟಾರ್ ಜೋಡಣೆಯಾದರೆ ಎರಡು ಫೇಸ್ ಕಪ್ಪಾಗಿ ಒಂದು ಉಳಿಯುತ್ತದೆ. ತೇವದಿಂದಲೋ ಇನ್ಸುಲೇಷನ್ ಸೀಳಿಯೋ ಹೋದರೆ ಒಂದೇ ಸ್ಲಾಟ್‌ನಲ್ಲಿ ತೂತು ಬಿದ್ದಂತೆ ಕರಗಿರುತ್ತದೆ. ಇಲ್ಲಿ ಮೂರೂ ಫೇಸ್‌ಗಳು ಎರಡೂ ತುದಿಯಲ್ಲಿ ಸಮನಾಗಿ ಇದ್ದಿಲಾಗಿದ್ದವು. ರೋಟರ್ ಮೇಲೆ ನೀಲಿ ಛಾಯೆ ಹರಡಿತ್ತು. ಇದು ತಿರುಗಲಾರದೆ ನಿಂತಲ್ಲೇ ಕರೆಂಟ್ ಎಳೆದ ಮೋಟರ್‌ನ ಗುರುತು. ಓಡುವಾಗ ಲೋಡ್ ಸ್ವಲ್ಪ ಜಾಸ್ತಿಯಾಗಿ ಸುಟ್ಟ ಮೋಟರ್‌ನ ರೋಟರ್ ಸಾಮಾನ್ಯವಾಗಿ ಹೀಗೆ ಬಣ್ಣ ತಿರುಗುವುದಿಲ್ಲ.

ಇದನ್ನು ಪುಷ್ಟಿಗೊಳಿಸಿದ್ದು ಶಿಫ್ಟ್ ಎಲೆಕ್ಟ್ರಿಷಿಯನ್ ಹೇಳಿದ ಮಾತು: "ಸಾರ್, ಖಾಲಿ ಬೆಲ್ಟ್ ಆದ್ರೆ ಒಂದೇ ಸಲಕ್ಕೆ ಎತ್ಕೊಳ್ಳುತ್ತೆ. ಮಾಲು ತುಂಬಿದ್ದಾಗ ನಿಂತ್ರೆ ಮಾತ್ರ ಮುಗೀತು, ಸಲಿಕೆ ಹಿಡ್ಕೊಂಡು ಅರ್ಧ ಬೆಲ್ಟ್ ಕೆಳಗೆ ಎಳೀಬೇಕು." ಪ್ರಕರಣದ ಮುಖ್ಯ ಸುಳಿವು ಇದೇ. ಅದು ಯಾವ ವರದಿಯಲ್ಲೂ ದಾಖಲಾಗಿರಲಿಲ್ಲ.

ಓಡುವಾಗ ಬೇಕಾದದ್ದು

ಗಂಟೆಗೆ 300 ಟನ್ ಎಂದರೆ ಸೆಕೆಂಡಿಗೆ 83 ಕಿಲೋ. ಅದನ್ನು 25 ಮೀಟರ್ ಎತ್ತಲು ಬೇಕಾದ ಶಕ್ತಿ 83.3 × 9.81 × 25, ಅಂದರೆ ಸುಮಾರು 20.4 ಕಿಲೋವ್ಯಾಟ್. ಇದಕ್ಕೆ ರೋಲರ್‌ಗಳ ಘರ್ಷಣೆ, ಬೆಲ್ಟ್ ಬಾಗುವಿಕೆ, ಸ್ಕ್ರೇಪರ್ ಮತ್ತು ಸ್ಕರ್ಟ್ ರಬ್ಬರ್‌ನ ಉಜ್ಜುವಿಕೆ ಸೇರಿ ಇನ್ನು 8 ಕಿಲೋವ್ಯಾಟ್‌ನಷ್ಟು. ಡ್ರಮ್ಮಿನ ಬಳಿ 28.6, ಗೇರ್‌ಬಾಕ್ಸ್ ನಷ್ಟ ಸೇರಿಸಿದರೆ ಮೋಟರ್ ಶಾಫ್ಟ್‌ನಲ್ಲಿ 30.4 ಕಿಲೋವ್ಯಾಟ್ ಬೇಕು. ತುಂಬಿದ ಬೆಲ್ಟ್ ಓಡುವಾಗ ಪವರ್ ಮೀಟರ್ ಹಾಕಿ ನೋಡಿದೆವು. ಮೋಟರ್ ಎಳೆದದ್ದು 32 ಕಿಲೋವ್ಯಾಟ್ ಚಿಲ್ಲರೆ. ಮೋಟರ್‌ನೊಳಗಿನ ನಷ್ಟ ಕಳೆದರೆ ಲೆಕ್ಕ ಸರಿಹೋಯಿತು. ಕ್ಲಾಂಪ್ ಮೀಟರ್‌ನಲ್ಲಿ ಆಂಪಿಯರ್ ಮಾತ್ರ ನೋಡಿ ಲೋಡ್ ಹೇಳುವ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ದೊಡ್ಡ ಮೋಟರ್ ಕಡಿಮೆ ಲೋಡ್‌ನಲ್ಲಿ ಓಡಿದಾಗ ಪವರ್ ಫ್ಯಾಕ್ಟರ್ ಬಿದ್ದು, ಕೆಲಸ ಮಾಡದ ಕರೆಂಟೂ ಆ ಅಂಕಿಯಲ್ಲಿ ಸೇರಿಕೊಳ್ಳುತ್ತದೆ.

ಅಂದರೆ 37 ಕಿಲೋವ್ಯಾಟ್ ಮೋಟರ್ ತನ್ನ ಸಾಮರ್ಥ್ಯದ ಶೇ. 82ರಷ್ಟರಲ್ಲಿ ನಡೆಯುತ್ತಿತ್ತು. ಮೂಲ ವಿನ್ಯಾಸಕಾರರು ಆರಿಸಿದ್ದು ಸರಿಯಾದ ಸೈಜನ್ನೇ.

ಹೊರಡುವಾಗ ಬೇಕಾದದ್ದು

ಟಾರ್ಕ್, ಅಂದರೆ ತಿರುಗಿಸುವ ಬಲ. ಅದರ ಲೆಕ್ಕಕ್ಕೆ ಎಲ್ಲರಿಗೂ ಗೊತ್ತಿರುವ ಸೂತ್ರ ಸಾಕು: ಕಿಲೋವ್ಯಾಟನ್ನು 9550ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ನ್ಯೂಟನ್ ಮೀಟರ್. 37 ಕಿಲೋವ್ಯಾಟ್, 1480 ಆರ್‌ಪಿಎಂ ಮೋಟರ್‌ನ ಪೂರ್ಣ ಟಾರ್ಕ್ 239. ಬೆಲ್ಟ್ ಓಡುವಾಗ ಕೇಳುವುದು 196. ಆದರೆ ನಿಂತ ಬೆಲ್ಟನ್ನು ಕದಲಿಸುವಾಗ ಘರ್ಷಣೆಯ ಭಾಗ ಹೆಚ್ಚಾಗುತ್ತದೆ. ಗ್ರೀಸ್ ಗಟ್ಟಿಯಾಗಿರುತ್ತದೆ, ರೋಲರ್‌ಗಳ ನಡುವೆ ಬೆಲ್ಟ್ ಜೋತುಬಿದ್ದು ಕೂತಿರುತ್ತದೆ. ಎತ್ತುವ ಭಾಗ ಅಷ್ಟೇ ಇರುತ್ತದೆ. ಎರಡೂ ಸೇರಿ ತುಂಬಿದ ಬೆಲ್ಟ್ ಕದಲಲು ಸುಮಾರು 219 ನ್ಯೂಟನ್ ಮೀಟರ್ ಬೇಕು.

ಮೋಟರ್‌ನ ಡೇಟಾಶೀಟ್ ಪ್ರಕಾರ ನಿಂತ ಸ್ಥಿತಿಯ ಟಾರ್ಕ್ ಪೂರ್ಣ ಟಾರ್ಕ್‌ನ 2.2 ಪಟ್ಟು, ಅಂದರೆ 526. ಇದನ್ನು ನೋಡಿದವರಿಗೆ 219 ಎತ್ತಲು 526 ಧಾರಾಳವಾಯಿತು ಅನ್ನಿಸುತ್ತದೆ. ಆದರೆ ಆ 526 ಸಿಗುವುದು ಪೂರ್ಣ ವೋಲ್ಟೇಜ್ ನೇರವಾಗಿ ಕೊಟ್ಟಾಗ. ಸ್ಟಾರ್‌ನಲ್ಲಿ ಪ್ರತಿ ವೈಂಡಿಂಗ್‌ಗೆ ಸಿಗುವ ವೋಲ್ಟೇಜ್ 1.73ರಲ್ಲಿ ಒಂದು ಪಾಲು. ಟಾರ್ಕ್ ವೋಲ್ಟೇಜ್‌ನ ವರ್ಗದಂತೆ ಬೀಳುವುದರಿಂದ ಮೂರರಲ್ಲಿ ಒಂದು ಭಾಗ ಉಳಿಯುತ್ತದೆ. 526 ಇದ್ದದ್ದು 175 ಆಯಿತು. ಅಲ್ಲಿಗೇ ಸೋಲು.

ಅದರ ಮೇಲೆ ಕೇಬಲ್. ಟ್ರಾನ್ಸ್‌ಫಾರ್ಮರ್‌ನಿಂದ ಈ ಸ್ಟಾರ್ಟರ್‌ಗೆ 350 ಮೀಟರ್ ದೂರ, ಅದೇ ಲೈನ್‌ನಲ್ಲಿ ಜರಡಿಯ ಮೋಟರ್‌ಗಳೂ ಇವೆ. 45 ಕಿಲೋವ್ಯಾಟ್ ಮೋಟರ್ ಸ್ಟಾರ್‌ನಲ್ಲಿ ಒದ್ದಾಡುವ ಹೊತ್ತಿನಲ್ಲಿ ಅದರ ಟರ್ಮಿನಲ್ ಬಳಿ ಅಳೆದಾಗ 400 ವೋಲ್ಟ್ 352ಕ್ಕೆ ಇಳಿದಿತ್ತು, ಅಂದರೆ ಶೇ. 12 ಇಳಿತ. 0.88ರ ವರ್ಗ 0.77. ಟಾರ್ಕ್‌ನ ಕಾಲು ಭಾಗಕ್ಕೆ ಹತ್ತಿರ ಕೇಬಲ್‌ನಲ್ಲೇ ಹೋಯಿತು.

ಇದೇ ಲೆಕ್ಕವನ್ನು ಮೂರೂ ಸೈಜ್‌ಗಳಿಗೆ ಮಾಡಿ ಘಟಕದವರ ಮುಂದಿಟ್ಟೆ. ಸ್ಟಾರ್‌ನಲ್ಲಿ, ಈ ಕೇಬಲ್‌ನ ಕೊನೆಯಲ್ಲಿ, 37 ಕಿಲೋವ್ಯಾಟ್ ಮೋಟರ್ ಕೊಡುವುದು 142 ನ್ಯೂಟನ್ ಮೀಟರ್ ಆಸುಪಾಸು. 45 ಕೊಡುವುದು 165. ತರಿಸಬೇಕೆಂದಿದ್ದ 55 ಕೊಡುವುದು 190ಕ್ಕಿಂತ ಸ್ವಲ್ಪ ಕಡಿಮೆ. ಬೇಕಾದದ್ದು 219. ಮೋಟರ್ ದೊಡ್ಡದಾದಂತೆ ಅದು ಎಳೆಯುವ ಕರೆಂಟೂ ದೊಡ್ಡದಾಗಿ, ವೋಲ್ಟೇಜ್ ಇನ್ನಷ್ಟು ಬೀಳುತ್ತದೆ; ಕಿಲೋವ್ಯಾಟ್ ಶೇ. 50 ಹೆಚ್ಚಿಸಿದರೂ ಟಾರ್ಕ್ ಹೆಚ್ಚುವುದು ಅದರ ಮೂರನೇ ಎರಡು ಭಾಗದಷ್ಟು ಮಾತ್ರ. 55 ತಂದು ಕೂರಿಸಿದ್ದರೂ ಸಲಿಕೆ ಕೆಲಸ ತಪ್ಪುತ್ತಿರಲಿಲ್ಲ.

ಟ್ರಿಪ್ ಆಗಬೇಕಿದ್ದ ಮೋಟರ್ ಸುಟ್ಟದ್ದೇಕೆ

ಹೊರಡಲಾರದ ಮೋಟರನ್ನು ಕಾಪಾಡುವುದು, ಕರೆಂಟ್ ಮಿತಿ ಮೀರಿದರೆ ಅದನ್ನು ಆಫ್ ಮಾಡುವ ಓವರ್‌ಲೋಡ್ ರಿಲೇಯ ಕೆಲಸ. ಸ್ಟಾರ್ಟರ್ ಪೆಟ್ಟಿಗೆ ತೆರೆದಾಗ ಆ ರಿಲೇ ವೈಂಡಿಂಗ್‌ನ ದಾರಿಯಲ್ಲಿ, ಮುಖ್ಯ ಕಂಟ್ಯಾಕ್ಟರ್‌ನ (ಮೋಟರ್‌ಗೆ ಕರೆಂಟ್ ಕೊಡುವ ವಿದ್ಯುತ್ ಸ್ವಿಚ್) ಕೆಳಗೆ ಇರುವುದು ಕಂಡಿತು. ಈ ಜಾಗದಲ್ಲಿ ಅದು ಕಾಣುವುದು ಡೆಲ್ಟಾದ ಒಳಗಿನ ಕರೆಂಟನ್ನು, ಅಂದರೆ ನೇಮ್‌ಪ್ಲೇಟ್ ಕರೆಂಟ್‌ನ 0.58 ಪಾಲು. 37 ಕಿಲೋವ್ಯಾಟ್ ಮೋಟರ್‌ನ 66 ಆಂಪಿಯರ್‌ಗೆ ರಿಲೇ 38ರಲ್ಲಿ ಇರಬೇಕಿತ್ತು. ಹಳೆಯ ಮೋಟರ್ ಇದ್ದಾಗ ಪದೇ ಪದೇ ಟ್ರಿಪ್ ಆಗುತ್ತಿದೆ ಎಂದು ಯಾರೋ ನೇಮ್‌ಪ್ಲೇಟ್ ನೋಡಿ ಅದನ್ನು 66ಕ್ಕೆ ತಿರುಗಿಸಿದ್ದರು. ಡಯಲ್ ಇನ್ನೂ ಅಲ್ಲೇ ಇತ್ತು. ಸ್ಟಾರ್ ಟೈಮರನ್ನೂ 8 ಸೆಕೆಂಡಿನಿಂದ 20ಕ್ಕೆ ಏರಿಸಿದ್ದರು. ಬೆಲ್ಟ್ ಎತ್ತಿಕೊಳ್ಳಲಿ ಎಂಬ ಸದುದ್ದೇಶದಿಂದಲೇ ಮಾಡಿದ್ದು.

ಪರಿಣಾಮ ನೋಡಿ. ಸ್ಟಾರ್‌ನಲ್ಲಿ ತಿರುಗದೆ ನಿಂತ ಮೋಟರ್ 150 ಆಂಪಿಯರ್‌ನಷ್ಟು ಎಳೆಯುತ್ತದೆ. ವೈಂಡಿಂಗ್‌ಗೆ ಅದು ತಾಳಬಲ್ಲ 38ರ ನಾಲ್ಕು ಪಟ್ಟು, ಅಂದರೆ ತಾಮ್ರದಲ್ಲಿ ಹುಟ್ಟುವ ಶಾಖ ಹದಿನಾರು ಪಟ್ಟು. ಶಾಫ್ಟ್ ತಿರುಗದ್ದರಿಂದ ಹಿಂದಿನ ಫ್ಯಾನ್ ಕೂಡ ನಿಂತಿದೆ. ರಿಲೇಗೆ ಮಾತ್ರ ಅದು ಎರಡೂ ಕಾಲು ಪಟ್ಟಿನಷ್ಟೇ ಅನ್ನಿಸಿ, ನಿಧಾನವಾಗಿ ಯೋಚಿಸುತ್ತದೆ. 20 ಸೆಕೆಂಡ್ ಹೀಗೆ ಬೆಂದು, ಮತ್ತೆ ಡೆಲ್ಟಾದ ಹೊಡೆತ ತಿಂದು, ಐದು ನಿಮಿಷಕ್ಕೆ ಇನ್ನೊಂದು ಪ್ರಯತ್ನ. ಇನ್ಸುಲೇಷನ್ ಮಿತಿಗಿಂತ 10 ಡಿಗ್ರಿ ಹೆಚ್ಚು ಬಿಸಿಯಲ್ಲಿ ಓಡಿದರೆ ಅದರ ಆಯುಷ್ಯ ಅರ್ಧವಾಗುತ್ತದೆ ಎಂಬ ಹಳೆಯ ನಿಯಮವಿದೆ. ಇಲ್ಲಿ ಮೀರುತ್ತಿದ್ದದ್ದು ಹತ್ತಲ್ಲ. 45 ಕಿಲೋವ್ಯಾಟ್ ಮೋಟರ್ ಬದುಕಿದ್ದಕ್ಕೆ ಕಾರಣವೂ ಇದೇ: ಅದಕ್ಕೆ ಸರಿಯಾದ ಸೆಟ್ಟಿಂಗ್ 46, ಹಾಗಾಗಿ 66 ಅಷ್ಟೇನೂ ದೂರವಿರಲಿಲ್ಲ.

ಬದಲಾದದ್ದೇನು

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಇದೇ ಮೋಟರ್, ಇದೇ ಸ್ಟಾರ್ಟರ್, ಇದೇ ಕೇಬಲ್ ವರ್ಷಗಟ್ಟಲೆ ನಡೆದದ್ದು ಹೇಗೆ? ಮೊದಲ ಮೋಟರ್ ಸುಡುವ ಮುಂಚೆ ಲೈನ್‌ನಲ್ಲಿ ಏನೇನು ಸೇರಿಸಿದಿರಿ ಎಂದು ಕೇಳಿದಾಗ ಉತ್ತರ ಸಿಕ್ಕಿತು. ಬಂಕರ್ ತುಂಬಿ ಚೆಲ್ಲುತ್ತಿತ್ತೆಂದು ಅದರ ಬಾಯಲ್ಲಿ ಲೆವೆಲ್ ಸ್ವಿಚ್ ಹಾಕಿಸಿದ್ದರು. ಬಂಕರ್ ತುಂಬಿದೊಡನೆ ಅದು ಬೆಲ್ಟನ್ನೇ ನಿಲ್ಲಿಸುತ್ತಿತ್ತು. ಮೊದಲು ಆಪರೇಟರ್ ಬೆಲ್ಟ್‌ಗೆ ಕಲ್ಲು ಸುರಿಯುವ ಫೀಡರ್ ನಿಲ್ಲಿಸಿ, ಬೆಲ್ಟ್ ಖಾಲಿಯಾದ ಮೇಲೆ ಅದನ್ನು ಆಫ್ ಮಾಡುತ್ತಿದ್ದರು. ಪ್ರತಿ ಸಲ ಅದು ಖಾಲಿಯಾಗಿಯೇ ಹೊರಡುತ್ತಿತ್ತು. ಸ್ವಿಚ್ ಬಂದ ಮೇಲೆ ಶಿಫ್ಟ್‌ಗೆ ಹಲವು ಸಲ 6 ಟನ್ ಮಾಲಿನೊಂದಿಗೆ ನಿಲ್ಲತೊಡಗಿತು.

ಮೊದಲು ಸರಿಪಡಿಸಿದ್ದು ಇದನ್ನೇ. ಲೆವೆಲ್ ಸ್ವಿಚ್ ಈಗ ಫೀಡರನ್ನು ನಿಲ್ಲಿಸುತ್ತದೆ. ಬೆಲ್ಟ್ 80 ಸೆಕೆಂಡ್ ಓಡಿ ಖಾಲಿಯಾಗಿ ನಿಲ್ಲುತ್ತದೆ. 120 ಮೀಟರ್ ಸಾಗಲು ಬೇಕಾದದ್ದು 75. ಆ ಹೊತ್ತಿನಲ್ಲಿ ಬೀಳುವ 6 ಟನ್‌ಗೆ ಜಾಗ ಇರುವಂತೆ ಸ್ವಿಚ್ಚನ್ನು ಕೆಳಗಿಳಿಸಿದರು.

ಇಷ್ಟಕ್ಕೇ ಬಿಡಬಹುದಿತ್ತು ಎಂದು ಘಟಕದ ಒಬ್ಬರು ವಾದಿಸಿದರು. ನಾನು ಒಪ್ಪಲಿಲ್ಲ. ಕರೆಂಟ್ ಹೋದಾಗ ಬೆಲ್ಟ್ ತುಂಬಿಯೇ ನಿಲ್ಲುತ್ತದೆ. ಯಾರಾದರೂ ತುರ್ತು ಹಗ್ಗ ಎಳೆದಾಗ ಅದು ತುಂಬಿಯೇ ನಿಲ್ಲಬೇಕು, ಅದು ಜೀವದ ಪ್ರಶ್ನೆ. ತುಂಬಿದ ಏರು ಬೆಲ್ಟಿನ ಮೇಲೆ ಹತ್ತಿ ಜನ ಸಲಿಕೆಯಿಂದ ಕಲ್ಲು ಎಳೆಯುವ ಪರಿಸ್ಥಿತಿ ವರ್ಷಕ್ಕೆ ಒಂದೇ ಸಲ ಬಂದರೂ ಬರಬಾರದು. ತುಂಬಿದಾಗಲೂ ಹೊರಡಬಲ್ಲ ಡ್ರೈವ್ ಈ ಜಾಗಕ್ಕೆ ಬೇಕೇ ಬೇಕಿತ್ತು.

ಆಯ್ಕೆಗಳು

ನೇರ ಸ್ಟಾರ್ಟಿಂಗ್: ಟಾರ್ಕ್ ಸಾಕಾಗುತ್ತದೆ. ಆದರೆ 37 ಕಿಲೋವ್ಯಾಟ್ ಮೋಟರ್ ನೇರವಾಗಿ 460 ಆಂಪಿಯರ್ ಎಳೆಯಹೊರಟರೆ ಈ ಕೇಬಲ್‌ನಲ್ಲಿ ವೋಲ್ಟೇಜ್ ಕಾಲು ಭಾಗಕ್ಕೆ ಹತ್ತಿರ ಕುಸಿದು, ಪಕ್ಕದ ಜರಡಿಗಳ ಕಂಟ್ಯಾಕ್ಟರ್‌ಗಳು ಬಿಟ್ಟುಕೊಳ್ಳಬಹುದು. ಬೆಲ್ಟ್ ಜೋಡಣೆಗೂ ಗೇರ್‌ಗೂ ಪ್ರತಿ ಸಲ ಪೆಟ್ಟು.

ಸಾಫ್ಟ್ ಸ್ಟಾರ್ಟರ್ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಇಂಥ ಕಡೆ ಮಾರಾಟಗಾರರು ಮೊದಲು ಹೇಳುವುದು ಅದನ್ನೇ. ಅದು ವೋಲ್ಟೇಜ್ ಇಳಿಸಿ ಕರೆಂಟ್ ಇಳಿಸುತ್ತದೆ. ಟಾರ್ಕ್ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 526ರಲ್ಲಿ 219 ಪಡೆಯಬೇಕಾದರೆ ಮೋಟರ್‌ಗೆ ಶೇ. 65ರಷ್ಟು ವೋಲ್ಟೇಜ್ ತಲುಪಬೇಕು, ಆಗ ಕರೆಂಟ್ ಸುಮಾರು 300 ಆಂಪಿಯರ್. ಬರೀ ಕದಲಿಸಲು ಇಷ್ಟು. ಸೆಂಟ್ರಿಫ್ಯೂಗಲ್ ಪಂಪ್‌ನಂಥ ಹಗುರ ಆರಂಭಕ್ಕೆ ಸಾಫ್ಟ್ ಸ್ಟಾರ್ಟರ್ ಚೆನ್ನ, ಉದ್ದ ಕೇಬಲ್‌ನ ತುದಿಯಲ್ಲಿರುವ ತುಂಬಿದ ಏರು ಬೆಲ್ಟ್‌ಗೆ ಅಲ್ಲ.

ಸ್ಲಿಪ್ ರಿಂಗ್ ಮೋಟರ್, ರೋಟರ್‌ಗೆ ಹೊರಗಿನ ರೆಸಿಸ್ಟೆನ್ಸ್ ಜೋಡಿಸಿಕೊಂಡು, ಕಡಿಮೆ ಕರೆಂಟಿನಲ್ಲಿ ಪೂರ್ಣ ಟಾರ್ಕ್ ಕೊಡುತ್ತದೆ, ಭಾರಿ ಕ್ರಷರ್‌ಗಳಲ್ಲಿ ಅದರ ಹೆಸರು ದೊಡ್ಡದು. ಆದರೆ ಕಲ್ಲುಪುಡಿ ಹಾರುವ ಜಾಗದಲ್ಲಿ ಕಾರ್ಬನ್ ಬ್ರಷ್‌ಗಳನ್ನು ನೋಡಿಕೊಳ್ಳುವವರು ಬೇಕು. ಎಣ್ಣೆಯ ಮೂಲಕ ಟಾರ್ಕ್ ದಾಟಿಸುವ ಫ್ಲೂಯಿಡ್ ಕಪ್ಲಿಂಗ್ ಮೋಟರನ್ನು ಹಗುರವಾಗಿ ಹೊರಡಿಸಿ ಆಮೇಲೆ ಬೆಲ್ಟನ್ನು ಹಿಡಿಯುತ್ತದೆ. ಕನ್ವೇಯರ್‌ಗೆ ಒಪ್ಪುವ ಸಾಧನ. ಮೇಲಿಂದ ಮೇಲೆ ಹೊರಡಿಸಿದರೆ ಎಣ್ಣೆ ಕಾದು ಅದರ ಫ್ಯೂಸಿಬಲ್ ಪ್ಲಗ್ ಕರಗುತ್ತದೆ, ಮೋಟರ್ ಮತ್ತು ಗೇರ್‌ಬಾಕ್ಸ್ ನಡುವೆ ಅದಕ್ಕೆ ಜಾಗವೂ ಬೇಕು. ಇಲ್ಲಿ ಜಾಗವಿರಲಿಲ್ಲ.

ಉಳಿದದ್ದು ವಿಎಫ್‌ಡಿ, ಅಂದರೆ ಫ್ರೀಕ್ವೆನ್ಸಿ ಬದಲಿಸಿ ಮೋಟರ್‌ನ ವೇಗ ನಿಯಂತ್ರಿಸುವ ಡ್ರೈವ್. ಅದು ವೋಲ್ಟೇಜ್ ಜೊತೆಗೆ ಫ್ರೀಕ್ವೆನ್ಸಿಯನ್ನೂ ಇಳಿಸುವುದರಿಂದ ಮೋಟರ್ ನಿಂತಲ್ಲಿಂದಲೇ ಪೂರ್ಣ ಟಾರ್ಕ್ ಕೊಡಬಲ್ಲದು. ಮೋಟರ್‌ಗೆ ಒಂದೂವರೆ ಪಟ್ಟು ಕರೆಂಟ್ ಹರಿಯುತ್ತಿದ್ದರೂ, ವೇಗ ಸೊನ್ನೆಯ ಹತ್ತಿರ ಇರುವಾಗ ಶಕ್ತಿ ಸ್ವಲ್ಪವೇ ಬೇಕಾಗಿ, ಲೈನ್‌ನಿಂದ ಎಳೆಯುವ ಕರೆಂಟ್ ತೀರಾ ಕಡಿಮೆ. 350 ಮೀಟರ್ ಕೇಬಲ್‌ನ ಸಮಸ್ಯೆ ಅಲ್ಲಿಗೆ ಕರಗಿತು. ಒಂದು ಮಾತು ಸ್ಪಷ್ಟವಾಗಿರಲಿ: ಇಲ್ಲಿ ವಿಎಫ್‌ಡಿ ವಿದ್ಯುತ್ ಉಳಿಸುವುದಿಲ್ಲ. ಬೆಲ್ಟ್ ಒಂದೇ ವೇಗದಲ್ಲಿ ಓಡುವುದರಿಂದ ಡ್ರೈವ್ ತಾನೇ ಶೇ. 2ರಿಂದ 3 ತಿನ್ನುತ್ತದೆ. ಫ್ಯಾನ್ ಮತ್ತು ಪಂಪ್‌ಗಳ ಉಳಿತಾಯದ ಲೆಕ್ಕವನ್ನು ಇಲ್ಲಿಗೆ ತಂದು ಯಾರೂ ಮಾರಬಾರದು.

ಆರ್ಡರ್‌ನಲ್ಲಿ ಬರೆದದ್ದು

ಮೋಟರ್ 37 ಕಿಲೋವ್ಯಾಟ್, 4 ಪೋಲ್, 225ಎಸ್ ಫ್ರೇಮ್ (ಅಂಕಿ ಹೇಳುವುದು ಶಾಫ್ಟ್‌ನ ಎತ್ತರವನ್ನು, ಮಿಲಿಮೀಟರ್‌ನಲ್ಲಿ). 55 ಕಿಲೋವ್ಯಾಟ್ ತರಿಸಿದ್ದರೆ ಫ್ರೇಮ್ 250 ಆಗಿ, ಶಾಫ್ಟ್‌ನ ಎತ್ತರ 25 ಮಿಲಿಮೀಟರ್ ಏರಿ, ಶಾಫ್ಟ್ 60ರಿಂದ 65 ಮಿಲಿಮೀಟರ್‌ಗೆ ದಪ್ಪವಾಗಿ, ಬೇಸ್ ಮತ್ತು ಕಪ್ಲಿಂಗ್ ಎರಡನ್ನೂ ಬದಲಿಸಬೇಕಿತ್ತು. 45ರ ಫ್ರೇಮ್ 225ಎಂ. ಎತ್ತರ ಅದೇ, ಕಾಲಿನ ತೂತುಗಳ ಅಂತರ ಮಾತ್ರ 286ರ ಬದಲು 311 ಮಿಲಿಮೀಟರ್. ಅದಕ್ಕಾಗಿ ಬೇಸ್‌ನಲ್ಲಿ ಕೊರೆದಿದ್ದ ಹೊಸ ತೂತುಗಳ ಪಕ್ಕದಲ್ಲೇ ಹಳೆಯವು ಹಾಗೇ ಇದ್ದವು.

ಹಳೆಯ ಮೋಟರನ್ನೇ ಮತ್ತೆ ರಿವೈಂಡ್ ಮಾಡಿಸಿ ಡ್ರೈವ್‌ಗೆ ಜೋಡಿಸಬಾರದೆಂದು ಹೇಳಿದೆ. ವಿಎಫ್‌ಡಿ ಕೊಡುವುದು ಸೈನ್ ಅಲೆಯಲ್ಲ, ಚೂಪಾದ ವೋಲ್ಟೇಜ್ ಬಡಿತಗಳು. ಕೇಬಲ್ ಉದ್ದವಾದರೆ ಅವು ಮೋಟರ್ ತುದಿಯಲ್ಲಿ ಪ್ರತಿಫಲಿಸಿ 400 ವೋಲ್ಟ್ ವ್ಯವಸ್ಥೆಯಲ್ಲೂ 1000 ವೋಲ್ಟ್ ದಾಟುತ್ತವೆ. ಆದ್ದರಿಂದ ಇನ್ವರ್ಟರ್‌ಗೆಂದು ಬಲಪಡಿಸಿದ ಇನ್ಸುಲೇಷನ್ ಕೇಳಿದೆವು, ಡ್ರೈವ್ ಪ್ಯಾನೆಲನ್ನು ಮೋಟರ್‌ನ ಹತ್ತಿರವೇ ಇರಿಸಿ ನಡುವಿನ ಕೇಬಲನ್ನು 15 ಮೀಟರ್‌ಗೆ ಸೀಮಿತಗೊಳಿಸಿದೆವು. ವೈಂಡಿಂಗ್‌ನೊಳಗೆ ಪಿಟಿಸಿ ಥರ್ಮಿಸ್ಟರ್‌ಗಳು ಬೇಕೆಂದೂ ಬರೆದೆವು. ರಿಲೇ ಕರೆಂಟ್ ನೋಡಿ ಊಹಿಸುವ ಬಿಸಿಯನ್ನು ಅವು ನೇರವಾಗಿ ತಾಮ್ರದ ಬಳಿ ಅಳೆಯುತ್ತವೆ. ಡಯಲ್ ತಿರುಗಿಸಿ ಅವುಗಳ ಬಾಯಿ ಮುಚ್ಚಿಸಲಾಗುವುದಿಲ್ಲ.

ಸಾಮಾನ್ಯ ಮೋಟರ್‌ಗಳ ನೇಮ್‌ಪ್ಲೇಟ್ ಸಾಮರ್ಥ್ಯ 40 ಡಿಗ್ರಿ ಸೆಲ್ಸಿಯಸ್ ಸುತ್ತಲಿನ ಉಷ್ಣತೆಗೆ, 1000 ಮೀಟರ್‌ವರೆಗಿನ ಎತ್ತರಕ್ಕೆ. ತಗಡಿನ ಮರೆಯೊಳಗೆ ಮಧ್ಯಾಹ್ನ ಇಲ್ಲಿ 48 ಡಿಗ್ರಿ ಇತ್ತು. ಶೇ. 82ರ ಲೋಡ್‌ಗೆ ಅದು ತೊಂದರೆಯಲ್ಲ, ಆದರೂ ಹೆಚ್ಚು ಬಿಸಿ ತಾಳುವ ಎಫ್ ಕ್ಲಾಸ್ ಇನ್ಸುಲೇಷನ್ ಇದ್ದು ಅದಕ್ಕಿಂತ ಕೆಳಗಿನ ಬಿ ಕ್ಲಾಸ್‌ನಷ್ಟೇ ಬಿಸಿಯಾಗುವ ಮೋಟರ್ ಕೇಳಿದೆವು. ಧೂಳಿಗಾಗಿ ಐಪಿ65. ದಕ್ಷತೆಯ ದರ್ಜೆ ಐಇ3: ಈ ಸೈಜ್‌ಗೆ ಶೇ. 93.9, ಐಇ2ಗೆ 92.7. ಈ ಲೋಡ್‌ನಲ್ಲಿ ವರ್ಷಕ್ಕೆ 4000 ಗಂಟೆ ಓಡಿದರೆ ಸುಮಾರು 1,700 ಯುನಿಟ್ ವ್ಯತ್ಯಾಸ. ಐಇ4 ತೆಗೆದುಕೊಂಡಿದ್ದರೆ ಇನ್ನೂ ಅಷ್ಟೇ ಉಳಿಯುತ್ತಿತ್ತು. ಗಂಟೆಗಳು ಹೆಚ್ಚಿರುವ ಘಟಕಕ್ಕೆ ನಾನು ಅದನ್ನೇ ಹೇಳುತ್ತೇನೆ.

ಡ್ರೈವ್ ಆರಿಸುವಾಗ ಅದರ ಎರಡು ರೇಟಿಂಗ್‌ಗಳ ನಡುವೆ ಎಚ್ಚರ ಬೇಕು. ಪಂಪ್-ಫ್ಯಾನ್‌ಗೆ ಹೇಳುವ ರೇಟಿಂಗ್‌ನಲ್ಲಿ 37 ಇರುವ ಡ್ರೈವ್, ಭಾರಿ ಕೆಲಸದ ರೇಟಿಂಗ್‌ನಲ್ಲಿ ಒಂದು ಮೆಟ್ಟಿಲು ಕೆಳಗಿರುತ್ತದೆ. ನಮಗೆ ಬೇಕಾದದ್ದು ಭಾರಿ ಕೆಲಸಕ್ಕೆ 37 ಎಂದು ಬರೆದ, 60 ಸೆಕೆಂಡ್ ಶೇ. 150 ಕರೆಂಟ್ ಕೊಡಬಲ್ಲ ಡ್ರೈವ್.

ಕಮಿಷನಿಂಗ್ ದಿನ ಬೆಲ್ಟನ್ನು ಬೇಕೆಂದೇ ತುಂಬಿಸಿ ನಿಲ್ಲಿಸಿದೆವು. ವೇಗ ಏರಲು 8 ಸೆಕೆಂಡ್, ಟಾರ್ಕ್ ಮಿತಿ ಶೇ. 140. ಲೆಕ್ಕದ ಪ್ರಕಾರ ಕದಲಿಸಲು, ವೇಗ ಪಡೆಯಲು ಎಲ್ಲ ಸೇರಿ 255 ನ್ಯೂಟನ್ ಮೀಟರ್, ಅಂದರೆ ಶೇ. 107 ಬೇಕಿತ್ತು, ಡ್ರೈವ್‌ನ ಪರದೆ ತೋರಿಸಿದ ಗರಿಷ್ಠ ಟಾರ್ಕ್ ಅದಕ್ಕಿಂತ ತುಸು ಹೆಚ್ಚು. ಬೆಲ್ಟ್ ಜಗ್ಗದೆ, ಡ್ರಮ್ ಜಾರದೆ ಹೊರಟಿತು. ಜರಡಿಗಳ ಬಳಿ ವೋಲ್ಟೇಜ್ ಮೀಟರ್ ಹಿಡಿದು ನಿಂತಿದ್ದ ಎಲೆಕ್ಟ್ರಿಷಿಯನ್‌ಗೆ ಯಾವ ಇಳಿತವೂ ಎದ್ದು ಕಾಣಲಿಲ್ಲ. ಬೆಲ್ಟ್ ಹಿಂದಕ್ಕೆ ಉರುಳದಂತೆ ಹಿಡಿಯುವ ಬ್ಯಾಕ್‌ಸ್ಟಾಪನ್ನು ಅದಕ್ಕೂ ಮುಂಚೆ ಬಿಚ್ಚಿ ಪರೀಕ್ಷಿಸಿದ್ದೆವು, ಡ್ರೈವ್‌ನಲ್ಲಿ ಹಿಮ್ಮುಖ ದಿಕ್ಕನ್ನು ಲಾಕ್ ಮಾಡಿದ್ದೆವು. ಬ್ಯಾಕ್‌ಸ್ಟಾಪ್ ಇರುವ ಬೆಲ್ಟ್‌ಗೆ ವಿಎಫ್‌ಡಿ ಹಾಕಿ ಇದನ್ನು ಮರೆತರೆ, ತಪ್ಪು ಬಟನ್ ಒಂದೇ ಗೇರ್‌ಬಾಕ್ಸನ್ನು ಒಡೆಯಬಲ್ಲದು.

45 ಕಿಲೋವ್ಯಾಟ್ ಮೋಟರ್ ವ್ಯರ್ಥವಾಗಲಿಲ್ಲ. ಇನ್ಸುಲೇಷನ್ ಪರೀಕ್ಷೆಯಲ್ಲಿ ಪಾಸಾದ ಮೇಲೆ ಅದನ್ನು ಟ್ರಾನ್ಸ್‌ಫಾರ್ಮರ್ ಪಕ್ಕದ ನೀರಿನ ಪಂಪ್‌ಗೆ ಜೋಡಿಸಿದರು. ವಾಲ್ವ್ ಮುಚ್ಚಿ ಹೊರಡುವ ಸೆಂಟ್ರಿಫ್ಯೂಗಲ್ ಪಂಪ್ ಆರಂಭದಲ್ಲಿ ಹೆಚ್ಚೇನೂ ಟಾರ್ಕ್ ಕೇಳುವುದಿಲ್ಲ. ಅಲ್ಲಿಗೆ ಸ್ಟಾರ್-ಡೆಲ್ಟಾ ಸರಿಯಾದ ಜೋಡಿ. ಅದೇ ಹಳೆಯ ಸ್ಟಾರ್ಟರ್ ಅದರೊಂದಿಗೆ ಹೋಯಿತು, ಟೈಮರ್ 8 ಸೆಕೆಂಡಿಗೆ ಇಳಿಯಿತು, ರಿಲೇ 46 ಆಂಪಿಯರ್‌ನಲ್ಲಿ ನಿಂತಿದೆ.